ರೋಸಾ ಜೈಗ್ಯಾಂಟಿಯಾ: ಮರ ಹತ್ತುವ ಕಾಡುಗುಲಾಬಿಯನ್ನು ತೋಟದಲ್ಲಿ ಬೆಳೆಸುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ. ಕುಂಡದಲ್ಲಿ ಗುಲಾಬಿ ಬೆಳೆಸುವವರಿಗೆ ಈ ಗಿಡ ಅಲ್ಲ. ಬಾಲ್ಕನಿಗೂ ಅಲ್ಲ, ಗೇಟಿನ ಮೇಲಿನ ಪುಟ್ಟ ಕಮಾನಿಗೂ ಅಲ್ಲ. ರೋಸಾ ಜೈಗ್ಯಾಂಟಿಯಾ ಕಾಡುಗುಲಾಬಿಗಳಲ್ಲೇ ಎಲ್ಲಕ್ಕಿಂತ ದೊಡ್ಡದು. ಮಣಿಪುರ, ನಾಗಾಲ್ಯಾಂಡ್‌ನ ಬೆಟ್ಟಗಳಲ್ಲಿ, ಅಲ್ಲಿಂದಾಚೆ ಮ್ಯಾನ್ಮಾರ್ ಮತ್ತು ಚೀನಾದ ಯುನ್ನಾನ್‌ನಲ್ಲಿ ಅದು ಕಾಡುಮರಗಳ ಮೇಲೆ ಹಬ್ಬಿಕೊಂಡು 20 ಮೀಟರ್, ಕೆಲವು ಸಲ ಅದಕ್ಕೂ ಮೇಲೆ ಹೋಗುತ್ತದೆ. ಹಳೆಯ ಬಳ್ಳಿಯ ಬುಡ ಮರದ ಕಾಂಡದಷ್ಟು ದಪ್ಪ ಆಗುವುದೂ ಉಂಟು. ಇಷ್ಟು ಕೇಳಿದ ಮೇಲೂ ಬೇಕು ಅನ್ನಿಸಿದರೆ ಮುಂದೆ ಓದಿ.

ಬೇಕು ಅನ್ನಿಸುವುದಕ್ಕೆ ಕಾರಣ ಹೂವು. 10ರಿಂದ 14 ಸೆಂಟಿಮೀಟರ್ ಅಗಲದ, ಐದೇ ಎಸಳಿನ, ಬೆಣ್ಣೆ ಬಣ್ಣದ ಹೂವು. ಕಾಡುಗುಲಾಬಿಗಳಲ್ಲಿ ಇಷ್ಟು ದೊಡ್ಡ ಹೂವು ಬೇರೆ ಯಾವುದರಲ್ಲೂ ಇಲ್ಲ. ಮೊಗ್ಗು ಉದ್ದ, ತೆಳು, ತಿಳಿ ಹಳದಿ. ಅರಳಿದ ಮೇಲೆ ಬಿಳಿಗೆ ತಿರುಗುತ್ತದೆ. ಮಿಕ್ಕ ಗುಲಾಬಿಗಳು ಇನ್ನೂ ಚಿಗುರುತ್ತಿರುವಾಗಲೇ ಇದು ಅರಳಿರುತ್ತದೆ. ಆದರೆ ವರ್ಷಕ್ಕೆ ಒಂದೇ ಸಲ, ಕೆಲವು ವಾರ ಮಾತ್ರ. ಆಮೇಲೆ ವರ್ಷಪೂರ್ತಿ ಬರೀ ಎಲೆ ಮತ್ತು ಮುಳ್ಳು. ಎಲೆಯೂ ಚೆನ್ನಾಗಿಯೇ ಇದೆ ಅನ್ನಿ, ಉದ್ದ, ನುಣುಪು, ಏಳು ಎಲೆಗಳ ಗೊಂಚಲು, ಚಳಿ ಕಡಿಮೆ ಇರುವ ಕಡೆ ಪೂರ್ತಿ ಉದುರುವುದೂ ಇಲ್ಲ.

ಇನ್ನೊಂದು ಕಾರಣ, ನನಗೆ ಇದೇ ಮುಖ್ಯ. ಹೂವಿನಂಗಡಿಯಲ್ಲಿ ನೀವು ನೋಡುವ ಉದ್ದ ಮೊಗ್ಗಿನ, ಎಸಳು ಹಿಂದಕ್ಕೆ ಸುರುಳಿ ಸುತ್ತುವ ಗುಲಾಬಿ ಇದೆಯಲ್ಲ, ಆ ಆಕಾರ ಬಂದದ್ದು ಈ ಕಾಡುಬಳ್ಳಿಯಿಂದ. ಚೀನಾದಲ್ಲಿ ಇದು ರೋಸಾ ಚೈನೆನ್ಸಿಸ್ ಅನ್ನುವ ಇನ್ನೊಂದು ಗುಲಾಬಿಯ ಜೊತೆ ಕೂಡಿ ಟೀ ಗುಲಾಬಿಗಳು ಹುಟ್ಟಿದವು. ಆ ತಳಿಗಳು 1809ರಲ್ಲಿ ಒಂದು, 1824ರಲ್ಲಿ ಇನ್ನೊಂದು ಇಂಗ್ಲೆಂಡಿಗೆ ಹೋದವು, ಅವುಗಳಿಂದ ಮುಂದೆ ಈ ಅಂಗಡಿ ಗುಲಾಬಿಗಳು, ಅಂದರೆ ಹೈಬ್ರಿಡ್ ಟೀ ಗುಲಾಬಿಗಳು ಬಂದವು. ತಮಾಷೆ ಅಂದರೆ ಮಕ್ಕಳು ಮೊಮ್ಮಕ್ಕಳೆಲ್ಲ ಯೂರೋಪಿನ ತೋಟಗಳಲ್ಲಿ ಅರಳುತ್ತಿದ್ದಾಗ ಮೂಲ ಗಿಡ ಅಲ್ಲಿನ ಸಸ್ಯಶಾಸ್ತ್ರಜ್ಞರಿಗೆ ಗೊತ್ತೇ ಇರಲಿಲ್ಲ. ಸಸ್ಯಶಾಸ್ತ್ರಜ್ಞ ಜಾರ್ಜ್ ವಾಟ್ ಇದನ್ನು ಮಣಿಪುರದಲ್ಲಿ ಸಂಗ್ರಹಿಸಿದ್ದು 1882ರಲ್ಲಿ. ಬ್ರಿಟಿಷ್ ಸೇನಾಧಿಕಾರಿ ಹೆನ್ರಿ ಕೊಲೆಟ್ ಬರ್ಮಾದ ಶಾನ್ ಬೆಟ್ಟಗಳಲ್ಲಿ ಕಂಡದ್ದರ ಆಧಾರದ ಮೇಲೆ 1888ರಲ್ಲಿ ಈಗಿನ ಹೆಸರು ಬಂತು.

ಜಾಗ ನೋಡಿ, ಆಮೇಲೆ ಗಿಡ ತನ್ನಿ

ಈ ಗಿಡದ ವಿಷಯದಲ್ಲಿ ಮುಕ್ಕಾಲು ಪಾಲು ಕೆಲಸ ಜಾಗ ಆರಿಸುವುದೇ. ಅದು ಸರಿಯಾದರೆ ಉಳಿದದ್ದು ಸುಲಭ.

ಮೊದಲು ಹವೆ. ಇದು 1000 ಮೀಟರಿಗಿಂತ ಎತ್ತರದ ಬೆಟ್ಟಗಳ ಗಿಡ, ಆದರೆ ಹಿಮದ ಗಿಡ ಅಲ್ಲ. ಹಗಲು ಬೆಚ್ಚಗೆ, ರಾತ್ರಿ ತಂಪಾಗಿ ಇರುವ ಕಡೆ ಖುಷಿಯಾಗಿರುತ್ತದೆ. ಇಬ್ಬನಿ ಹಗುರವಾಗಿ ಹೆಪ್ಪುಗಟ್ಟಿದರೆ ಬಲಿತ ಬಳ್ಳಿ ತಡೆದುಕೊಳ್ಳುತ್ತದೆ, ಆದರೆ ಇದು ಬೇಗ ಚಿಗುರುವ ಗಿಡ, ಆ ಎಳೆ ಚಿಗುರು ಒಂದು ರಾತ್ರಿಯ ಹಿಮಕ್ಕೂ ಸುಟ್ಟು ಹೋಗುತ್ತದೆ, ಚಿಗುರಿನ ಜೊತೆ ಆ ವರ್ಷದ ಹೂವೂ ಹೋಯಿತು. ಹಾಗಾಗಿ ಚಳಿ ದೇಶಗಳಲ್ಲಿ ಇದನ್ನು ಗಾಜಿನ ಮನೆಯೊಳಗೆ ಅಥವಾ ಬಿಸಿಲು ಬೀಳುವ ಗೋಡೆಗೆ ಒತ್ತಿಸಿ ಬೆಳೆಸುತ್ತಾರೆ.

ಇನ್ನು ಆಸರೆ. ಮೂರು ದಾರಿ ಇವೆ: ದೊಡ್ಡ ಮರ, ಎತ್ತರದ ಗೋಡೆ, ಗಟ್ಟಿ ಚಪ್ಪರ. ನನ್ನ ಓಟು ಮರಕ್ಕೆ. ಕಾಡಿನಲ್ಲಿ ಅದು ಮಾಡುವುದೂ ಅದನ್ನೇ ಅಲ್ವಾ? ಮರಕ್ಕೆ ಹಬ್ಬಿಸಿದರೆ ಕಟ್ಟುವ ಕೆಲಸ ಇಲ್ಲ, ಸವರುವ ಕೆಲಸ ಹೆಚ್ಚುಕಡಿಮೆ ಇಲ್ಲ, ಹೂವು ಮೇಲಿನಿಂದ ಇಳಿಬೀಳುತ್ತದೆ. ತಲೆ ಬಾಗಿಸುವ ಹೂವಾದ್ದರಿಂದ ಕೆಳಗೆ ನಿಂತು ನೋಡುವವರಿಗೆ ಮುಖ ಕಾಣುತ್ತದೆ. ಗಿಡ್ಡ ಬೇಲಿಯ ಮೇಲೆ ಬೆಳೆಸಿದರೆ ಈ ಲಾಭವೇ ಸಿಗುವುದಿಲ್ಲ.

ಯಾವ ಮರ ಅನ್ನೋದರಲ್ಲಿ ಸ್ವಲ್ಪ ಹುಷಾರು. ಬಲಿತ, ಗಟ್ಟಿಮುಟ್ಟಾದ, ಕೊಂಬೆ ಮುರಿಯದ ಮರ ಬೇಕು. ಎಳೆ ಮರಕ್ಕೆ ಹಬ್ಬಿಸಿದರೆ ಕೆಲವೇ ವರ್ಷದಲ್ಲಿ ಬಳ್ಳಿಯ ಭಾರಕ್ಕೆ ಅದು ಬಾಗುತ್ತದೆ, ಬಿಸಿಲೂ ಸಿಗದೆ ಸೊರಗುತ್ತದೆ. ಹಣ್ಣಿನ ಮರ ಬೇಡವೇ ಬೇಡ, ಹಣ್ಣು ಕೀಳುವವರು ನಿಮ್ಮನ್ನು ಬೈದುಕೊಳ್ಳುತ್ತಾರೆ. ದಟ್ಟ ನೆರಳಿನ ಮರವೂ ಬೇಡ. ಬೆಳಕು ಸೋಸಿ ಬರುವಂಥ ವಿರಳ ಎಲೆಯ ಮರ ಒಳ್ಳೆಯದು, ಯಾಕೆಂದರೆ ಬುಡಕ್ಕೆ ನೆರಳಿದ್ದರೂ ಪರವಾಗಿಲ್ಲ, ತಲೆಗೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕೇ ಬೇಕು.

ಗೋಡೆಯಾದರೆ ಕನಿಷ್ಠ ನಾಲ್ಕು ಮೀಟರ್ ಎತ್ತರ, ಅದಕ್ಕಿಂತ ಜಾಸ್ತಿ ಅಗಲ ಇರಲಿ. ಗೋಡೆಯಿಂದ ಒಂದು ಗೇಣು ದೂರಕ್ಕೆ ಕೊಕ್ಕೆ ಹೊಡೆದು ಅಡ್ಡಡ್ಡ ದಪ್ಪ ಗ್ಯಾಲ್ವನೈಸ್ಡ್ ತಂತಿ ಎಳೆಯಿರಿ, ಸಾಲಿನಿಂದ ಸಾಲಿಗೆ ಅರ್ಧ ಮೀಟರ್ ಅಂತರ ಸಾಕು. ಚಪ್ಪರವಾದರೆ ಕಬ್ಬಿಣದ ಪೈಪು ಅಥವಾ ಕಲ್ಲು ಕಂಬ. ಬಿದಿರು ಬೇಡ. ಬಳ್ಳಿ ಬಲಿತು ಹೂ ಬಿಡಲು ಶುರು ಮಾಡುವ ಹೊತ್ತಿಗೆ ಬಿದಿರು ಲಡ್ಡಾಗಿರುತ್ತದೆ, ಮುಳ್ಳಿನ ರಾಶಿಯ ಕೆಳಗೆ ನುಗ್ಗಿ ಕಂಬ ಬದಲಿಸುವುದು ಯಾರಿಗೂ ಬೇಡವಾದ ಕೆಲಸ. ಓಡಾಡುವ ದಾರಿಯಿಂದ, ಮಕ್ಕಳು ಆಡುವ ಜಾಗದಿಂದ ದೂರ ಇರಲಿ ಅಂತ ಬೇರೆ ಹೇಳಬೇಕಿಲ್ಲ.

ನೆಡುವುದು

60 ಸೆಂಟಿಮೀಟರ್ ಉದ್ದ, ಅಗಲ, ಆಳದ ಗುಂಡಿ ತೆಗೆಯಿರಿ. ತೆಗೆದ ಮಣ್ಣಿಗೆ ಮೂರನೇ ಒಂದು ಭಾಗ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್ ಬೆರೆಸಿ. ಗುಂಡಿಗೆ ಒಂದು ಬಕೆಟ್ ನೀರು ಸುರಿದು ನೋಡಿ, ಕೆಲವು ಗಂಟೆ ಕಳೆದರೂ ನೀರು ಹಾಗೇ ನಿಂತಿದ್ದರೆ ಆ ಜಾಗ ಬಿಡಿ, ಇಲ್ಲವೇ ಮಣ್ಣು ಏರಿಸಿ ದಿಬ್ಬ ಮಾಡಿ ನೆಡಿ. ಬೆಟ್ಟದ ಇಳಿಜಾರಿನ ಗಿಡಕ್ಕೆ ನಿಂತ ನೀರು ಆಗುವುದಿಲ್ಲ, ಬೇರು ಕೊಳೆಯುತ್ತದೆ. ಮಣ್ಣು ತುಸು ಹುಳಿಯಾಗಿದ್ದರೆ ಚೆನ್ನ, ಪಿಎಚ್ 6ರಿಂದ 7ರೊಳಗೆ. ಸುಣ್ಣದಂಶ ಜಾಸ್ತಿ ಇದ್ದರೆ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರು ಉಳಿಯುತ್ತವೆ, ಕಬ್ಬಿಣದ ಕೊರತೆಯ ಗುರುತು ಅದು.

ಮರಕ್ಕೆ ಹಬ್ಬಿಸುವವರು ಬುಡಕ್ಕೆ ಅಂಟಿಸಿ ನೆಡಬೇಡಿ. ಅಲ್ಲಿ ಮರದ ಬೇರುಗಳದ್ದೇ ರಾಜ್ಯ, ನೀರೂ ಅವಕ್ಕೇ. ಕಾಂಡದಿಂದ ಒಂದು, ಒಂದೂವರೆ ಮೀಟರ್ ದೂರದಲ್ಲಿ, ಗಾಳಿ ಯಾವ ಕಡೆಯಿಂದ ಜಾಸ್ತಿ ಬೀಸುತ್ತದೋ ಆ ಕಡೆ ನೆಡಿ. ಆಗ ಗಾಳಿಯೇ ಬಳ್ಳಿಯನ್ನು ಮರದೊಳಕ್ಕೆ ದೂಡುತ್ತದೆ. ಇನ್ನೊಂದು ಕಡೆ ನೆಟ್ಟರೆ ಬಳ್ಳಿ ಪದೇಪದೇ ಕಿತ್ತುಕೊಂಡು ಆಚೆ ಬೀಳುತ್ತದೆ. ಬುಡದ ಹತ್ತಿರ ಗೂಟ ಹೊಡೆದು ಅಲ್ಲಿಂದ ಮರದ ಕೆಳಗಿನ ಕೊಂಬೆಗೆ ಓರೆಯಾಗಿ ದಪ್ಪ ತೆಂಗಿನ ನಾರಿನ ಹಗ್ಗ ಕಟ್ಟಿ. ಅದು ಏಣಿಯ ಕೆಲಸ ಮಾಡುತ್ತದೆ. ಹಗ್ಗ ಕೊಳೆಯುವ ಹೊತ್ತಿಗೆ ಬಳ್ಳಿ ಮೇಲೆ ಸೇರಿಕೊಂಡಿರುತ್ತದೆ. ನೈಲಾನ್ ಹಗ್ಗವಾದರೆ ಕೊಳೆಯುವುದೂ ಇಲ್ಲ, ಕೊಂಬೆಯ ತೊಗಟೆಯನ್ನೂ ಕೊರೆಯುತ್ತದೆ.

ಮೊದಲ ಎರಡು ವರ್ಷ ಮಳೆ ಇಲ್ಲದ ದಿನಗಳಲ್ಲಿ ವಾರಕ್ಕೆ ಒಂದು ಅಥವಾ ಎರಡು ಸಲ ಆಳಕ್ಕೆ ಇಳಿಯುವಂತೆ ನೀರು ಕೊಡಿ. ದಿನಾ ಒಂದೊಂದು ಚೊಂಬು ಹಾಕುವುದರಿಂದ ಬೇರು ಮೇಲ್ಮೈಯಲ್ಲೇ ಉಳಿಯುತ್ತದೆ, ಉಪಯೋಗವಿಲ್ಲ. ಬುಡದ ಸುತ್ತ ಒಣ ಎಲೆಯ ಹೊದಿಕೆ ಹಾಕಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಗೊಬ್ಬರದ ವಿಷಯದಲ್ಲಿ ಕೈ ಬಿಗಿ ಹಿಡಿಯಿರಿ. ಗುಲಾಬಿ ಅಂದರೆ ತಿಂಗಳಿಗೊಮ್ಮೆ ಗೊಬ್ಬರ ಅಂತ ರೂಢಿ ಇದೆ, ಈ ಬಳ್ಳಿಗೆ ಅದು ಬೇಡ. ಸಾರಜನಕ ಜಾಸ್ತಿಯಾದರೆ ಇನ್ನಷ್ಟು ಉದ್ದ ಹೋಗುತ್ತದೆ, ಅಷ್ಟೇ. ಉದ್ದದ ಕೊರತೆಯಂತೂ ಇದಕ್ಕೆ ಇಲ್ಲ. ವರ್ಷಕ್ಕೊಮ್ಮೆ, ಹೂ ಮುಗಿದ ಮೇಲೆ, ಬುಡಕ್ಕೆ ಎರಡು ಬುಟ್ಟಿ ಕಾಂಪೋಸ್ಟ್ ಧಾರಾಳವಾಯಿತು.

ಕತ್ತರಿ ಕೆಳಗಿಡಿ

ಹೂವೇ ಬಿಡಲ್ಲ ಅಂತ ದೂರುವವರಲ್ಲಿ ಹೆಚ್ಚಿನವರ ಕೈಯಲ್ಲಿ ಕತ್ತರಿ ಇರುತ್ತದೆ. ಹೈಬ್ರಿಡ್ ಟೀ ಗುಲಾಬಿ ಬೆಳೆಸಿ ಅಭ್ಯಾಸ ಆದವರು ಚಳಿಗಾಲದ ಹೊತ್ತಿಗೆ ಗಿಡವನ್ನು ಮೊಣಕಾಲೆತ್ತರಕ್ಕೆ ಸವರುತ್ತಾರೆ. ಆ ಗುಲಾಬಿಗಳು ಹೊಸ ಚಿಗುರಿನ ತುದಿಯಲ್ಲಿ ಹೂ ಬಿಡುವುದರಿಂದ ಅಲ್ಲಿ ಅದು ಸರಿ. ಜೈಗ್ಯಾಂಟಿಯಾ ಹಾಗಲ್ಲ. ಈ ವರ್ಷ ಬೆಳೆದ ಉದ್ದ ಕೊಂಬೆ ಈ ವರ್ಷ ಹೂ ಬಿಡುವುದಿಲ್ಲ; ಮುಂದಿನ ವರ್ಷ ಅದರ ಗೆಣ್ಣುಗಳಿಂದ ಗಿಡ್ಡ ಅಡ್ಡ ರೆಂಬೆಗಳು ಒಡೆದು ಅವುಗಳ ತುದಿಯಲ್ಲಿ ಹೂವು ಬರುತ್ತದೆ. ಹೂ ಬಿಡುವ ಮುಂಚೆ ಸವರಿದರೆ ಆ ವರ್ಷದ ಅಷ್ಟೂ ಹೂವನ್ನು ಸವರಿ ಬಿಸಾಕಿದ ಹಾಗೆ. ಪ್ರತಿ ವರ್ಷ ಹೀಗೇ ಮಾಡಿದರೆ ಪ್ರತಿ ವರ್ಷವೂ ಬರೀ ಎಲೆ.

ಹಾಗಾಗಿ ಮೊದಲ ಮೂರು ವರ್ಷ ಏನೂ ಕತ್ತರಿಸಬೇಡಿ. ಒಣಗಿದ್ದು, ಮುರಿದದ್ದು ಬಿಟ್ಟು. ಈ ವರ್ಷಗಳಲ್ಲಿ ಹೂವನ್ನೂ ಎದುರು ನೋಡಬೇಡಿ. ಬಳ್ಳಿ ಮೊದಲು ಮೈ ಕಟ್ಟಿಕೊಳ್ಳುತ್ತದೆ, ಒಂದೇ ಋತುವಿನಲ್ಲಿ ಮೂರು ನಾಲ್ಕು ಮೀಟರ್ ಉದ್ದದ ಕೊಂಬೆ ಬಿಡುತ್ತದೆ, ಬೆಳಕು ಸಿಗುವಲ್ಲಿಗೆ ತಲುಪಿದ ಮೇಲೇ ಹೂವಿನ ಮಾತು.

ಗೋಡೆ ಅಥವಾ ಚಪ್ಪರದ ಮೇಲಿರುವ ಬಳ್ಳಿಗೆ ಒಂದು ಕೆಲಸ ಮಾತ್ರ ತಪ್ಪಿಸಬೇಡಿ: ಕೊಂಬೆಗಳನ್ನು ಮಲಗಿಸಿ ಕಟ್ಟುವುದು. ನೆಟ್ಟಗೆ ನಿಂತ ಕೊಂಬೆಯಲ್ಲಿ ತುದಿ ಮೊಗ್ಗು ಕೆಳಗಿನ ಮೊಗ್ಗುಗಳನ್ನು ಒಡೆಯಲು ಬಿಡುವುದಿಲ್ಲ, ಹೀಗಾಗಿ ತುದಿಯಲ್ಲಿ ನಾಲ್ಕು ಹೂವು, ಕೆಳಗೆ ಬೋಳು. ಅದೇ ಕೊಂಬೆಯನ್ನು ಅಡ್ಡ ಮಲಗಿಸಿದರೆ ಆ ಹಿಡಿತ ಸಡಿಲವಾಗಿ ಉದ್ದಕ್ಕೂ ಗೆಣ್ಣುಗೆಣ್ಣಿನಲ್ಲಿ ರೆಂಬೆ ಒಡೆಯುತ್ತದೆ. ಎಳೆಯದಿರುವಾಗ, ಕೊಂಬೆ ಇನ್ನೂ ಬಳುಕುವಾಗಲೇ ಮಲಗಿಸಿ. ಬಲಿತ ಮೇಲೆ ಬಗ್ಗಿಸಲು ಹೋದರೆ ಬುಡದಲ್ಲೇ ಲಟಕ್ ಅಂತ ಮುರಿಯುತ್ತದೆ. ಹಳೆ ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿ, ತಂತಿಯಿಂದ ಬಿಗಿದರೆ ಕೊಂಬೆ ದಪ್ಪವಾದಂತೆ ತಂತಿ ಒಳಗೆ ಇಳಿಯುತ್ತದೆ. ಕೊಂಬೆಯನ್ನು ಗೋಡೆಯ ತಂತಿಯ ಹಿಂದೆ ತೂರಿಸಬೇಡಿ, ಮುಂದೆ ಇಟ್ಟು ಕಟ್ಟಿ. ಮುಂದೆ ಬಿಡಿಸುವಾಗ ನನ್ನನ್ನು ನೆನೆಯುತ್ತೀರಿ.

ನಾಲ್ಕನೇ ವರ್ಷದಿಂದ, ಹೂ ಮುಗಿದ ಕೂಡಲೇ, ಸ್ವಲ್ಪ ಸವರಬಹುದು. ತೀರಾ ಹಳೆಯ ಒಂದೆರಡು ಕೊಂಬೆಗಳನ್ನು ಬುಡದಿಂದಲೇ ತೆಗೆಯಿರಿ. ಹೂ ಬಿಟ್ಟ ಅಡ್ಡ ರೆಂಬೆಗಳನ್ನು ಎರಡು ಮೂರು ಗೆಣ್ಣು ಉಳಿಸಿ ಕತ್ತರಿಸಿ. ಬೀಜ ಬೇಕಿದ್ದರೆ ಕೆಲವನ್ನು ಹಾಗೇ ಬಿಡಿ. ಈಗ ಕತ್ತರಿಸಿದರೆ ಉಳಿದ ತಿಂಗಳುಗಳಲ್ಲಿ ಹೊಸ ಕೊಂಬೆ ಬೆಳೆದು ಬಲಿಯಲು ಸಮಯ ಸಿಗುತ್ತದೆ. ವರ್ಷಗಟ್ಟಲೆ ಬಿಟ್ಟು ಗೋಜಲಾದ ಬಳ್ಳಿಯನ್ನು ಒಂದೇ ಏಟಿಗೆ ಕಡಿಯಬೇಡಿ, ಎರಡು ಮೂರು ವರ್ಷಕ್ಕೆ ಹಂಚಿಕೊಂಡು ತೆಳುಗೊಳಿಸಿ. ಮರದ ಮೇಲಿರುವುದನ್ನು ಸುಮ್ನೆ ಬಿಟ್ಟುಬಿಡಿ.

ಮುಳ್ಳಿನ ಬಗ್ಗೆ ಒಂದು ಮಾತು. ಮುಳ್ಳುಗಳು ಬೆಕ್ಕಿನ ಉಗುರಿನ ಹಾಗೆ ಬಾಗಿ ಬುಡದ ಕಡೆಗೆ ಮುಖ ಮಾಡಿರುತ್ತವೆ, ಬಳ್ಳಿ ಮರ ಹತ್ತುವುದೇ ಅವುಗಳ ಬಲದಿಂದ. ಅಂಗಿಗೋ ಕೈಗೋ ಸಿಕ್ಕಿಕೊಂಡರೆ ಗಾಬರಿಯಿಂದ ಎಳೆದುಕೊಳ್ಳುತ್ತೇವೆ, ಆಗ ಇನ್ನೂ ಆಳಕ್ಕೆ ಹೋಗುತ್ತದೆ. ನಿಲ್ಲಿ. ಕೊಂಬೆಯ ತುದಿಯ ಕಡೆಯಿಂದ ಬುಡದ ಕಡೆಗೆ ಕೈ ಜಾರಿಸಿ, ತಾನಾಗಿ ಬಿಡಿಸಿಕೊಳ್ಳುತ್ತದೆ. ಮೊಣಕೈವರೆಗಿನ ಚರ್ಮದ ಗ್ಲೌಸು, ಉದ್ದ ಹಿಡಿಯ ಕತ್ತರಿ, ಕಣ್ಣಿಗೆ ಕನ್ನಡಕ, ಈ ಮೂರಿಲ್ಲದೆ ಕೆಲಸ ಶುರು ಮಾಡಬೇಡಿ. ಕನ್ನಡಕ ಬೇಕೇ ಅಂತ ಕೇಳಬೇಡಿ, ಮಲಗಿಸಿ ಕಟ್ಟುವಾಗ ಕೈ ತಪ್ಪಿದ ಕೊಂಬೆ ಬಿಲ್ಲಿನ ವೇಗದಲ್ಲಿ ಮುಖಕ್ಕೇ ಬರುವುದು.

ರೋಗ ಕೀಟ ಅಂತ ತಲೆ ಕೆಡಿಸಿಕೊಳ್ಳುವಷ್ಟು ಏನಿಲ್ಲ. ಎಳೆ ಚಿಗುರಿಗೆ ಹೇನು ಬರುತ್ತದೆ, ನೀರು ರಭಸವಾಗಿ ಹಾಯಿಸಿದರೆ ಸಾಕು. ಒಣ ಬೇಸಿಗೆಯಲ್ಲಿ ಗೋಡೆಗೆ ಒತ್ತಿಕೊಂಡ ಬಳ್ಳಿಯ ಎಲೆಯಡಿ ಕೆಂಪು ನುಸಿ ಕಾಣಿಸಿಕೊಳ್ಳಬಹುದು, ಗಾಳಿ ಆಡುವಂತೆ ಜಾಗ ಬಿಟ್ಟಿದ್ದರೆ ಅದೂ ಕಡಿಮೆ. ಹತ್ತು ಮೀಟರ್ ಮೇಲಿರುವ ಎಲೆಗೆ ಔಷಧಿ ಹೊಡೆಯುವುದು ಹೇಗೂ ಆಗದ ಮಾತು. ಬುಡ ಬೋಳಾಗುವುದು ರೋಗವಲ್ಲ, ಅದರ ಸ್ವಭಾವ. ಮುಂದೆ ನೆರಳು ತಡೆಯುವ ಗಿಡ್ಡ ಪೊದೆ ಏನಾದರೂ ನೆಟ್ಟು ಮುಚ್ಚಿ.

ಹೊಸ ಗಿಡ ಮಾಡಿಕೊಳ್ಳುವುದು

ಅತಿ ಸುಲಭದ ದಾರಿ ಕೊಂಬೆ ಹೂಳುವುದು. ಬಗ್ಗುವ ಒಂದು ಕೊಂಬೆಯನ್ನು ನೆಲಕ್ಕೆ ತಂದು, ಮಣ್ಣು ಮುಟ್ಟುವ ಕಡೆ ಕೆಳಗಿನ ತೊಗಟೆಯನ್ನು ಸ್ವಲ್ಪ ಸೀಳಿ, ಕವಲು ಕಡ್ಡಿಯಿಂದ ಒತ್ತಿ ಹಿಡಿದು ಮಣ್ಣು ಮುಚ್ಚಿ, ಮೇಲೊಂದು ಕಲ್ಲಿಡಿ. ತೇವ ಆರದಂತೆ ನೋಡಿಕೊಂಡರೆ ಕೆಲವು ತಿಂಗಳಲ್ಲಿ ಬೇರು ಬರುತ್ತದೆ. ಕಡ್ಡಿ ನೆಡುವುದಾದರೆ ಹೂ ಮುಗಿದ ಮೇಲೆ, ಪೆನ್ಸಿಲ್ ದಪ್ಪದ, ಅರೆ ಬಲಿತ, 15ರಿಂದ 20 ಸೆಂಟಿಮೀಟರ್ ಉದ್ದದ ಕಡ್ಡಿ ತೆಗೆದುಕೊಳ್ಳಿ. ಮೇಲಿನ ಎರಡು ಎಲೆ ಉಳಿಸಿ, ಕೆಳಗಿನ ಗೆಣ್ಣಿನ ಅಡಿಯಲ್ಲೇ ಕತ್ತರಿಸಿ, ಬೇರು ಹುಟ್ಟಿಸುವ ಪುಡಿ ಸವರಿ ಮರಳು ಮತ್ತು ತೆಂಗಿನ ನಾರಿನ ಪುಡಿಯಲ್ಲಿ ಊರಿ. ನೆರಳಿನಲ್ಲಿಟ್ಟು ಪ್ಲಾಸ್ಟಿಕ್ ಕವರ್ ಮುಚ್ಚಿ. ಎಲ್ಲವೂ ಬೇರು ಬಿಡುವುದಿಲ್ಲ, ಒಂದಷ್ಟು ಹೆಚ್ಚಿಗೇ ನೆಡಿ.

ನರ್ಸರಿಯಿಂದ ತರುವಾಗ ಆಯ್ಕೆ ಇದ್ದರೆ ಸ್ವಂತ ಬೇರಿನ ಗಿಡ ಕೇಳಿ. ಕಸಿ ಗಿಡದಲ್ಲಿ ಕೆಳಗಿನ ಬೇರುಗಿಡ, ಅಂದರೆ ಕಸಿ ಕಟ್ಟಲು ಬಳಸಿದ ಬೇರೆ ಗುಲಾಬಿ, ಚಿಗುರಿ ಇಡೀ ಗೋಜಲಿನೊಳಗೆ ಸೇರಿಕೊಂಡರೆ ಕಂಡುಹಿಡಿಯುವುದು ಕಷ್ಟ. ಬೇರುಗಿಡ ಮಲ್ಟಿಫ್ಲೋರಾ ಅನ್ನುವ ಕಾಡುಗುಲಾಬಿ ಆಗಿದ್ದರೆ ಒಂದು ಗುರುತಿದೆ: ಅದರ ಎಲೆಯ ತೊಟ್ಟು ಕೊಂಬೆಗೆ ಸೇರುವ ಕಡೆ ಅಂಚಿನಲ್ಲಿ ಗರಿಯಂಥ ಕುಚ್ಚು ಇರುತ್ತದೆ. ಕಂಡ ತಕ್ಷಣ ಬುಡದಿಂದ ಕಿತ್ತು ಹಾಕಿ. ಕಾಡಿನಿಂದ ಗಿಡ ಕಿತ್ತು ತಂದೆವು ಅನ್ನುವವರಿಂದ ಮಾತ್ರ ಕೊಳ್ಳಬೇಡಿ. ಬಲಿತ ಕಾಡುಬಳ್ಳಿ ಕಿತ್ತರೆ ಅಲ್ಲೂ ಉಳಿಯಲ್ಲ, ಇಲ್ಲೂ ಬದುಕಲ್ಲ.

ಬೀಜದಿಂದಲೂ ಬೆಳೆಸಬಹುದು, ತಾಳ್ಮೆ ಇದ್ದರೆ. ಕಾಯಿ ದೊಡ್ಡದು, ಮೂರು ಸೆಂಟಿಮೀಟರ್ ಆಸುಪಾಸು, ಗಟ್ಟಿ, ಹಳದಿ ಅಥವಾ ಕಿತ್ತಳೆ ಬಣ್ಣಕ್ಕೆ ತಿರುಗಿ ತಿಂಗಳುಗಟ್ಟಲೆ ಬಳ್ಳಿಯಲ್ಲೇ ಇರುತ್ತದೆ. ಪೂರ್ತಿ ಹಣ್ಣಾದ ಮೇಲೆ ಬೀಜ ಬಿಡಿಸಿ ತೊಳೆದು, ಒದ್ದೆ ಮರಳಿನ ಜೊತೆ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ಎರಡು ಮೂರು ತಿಂಗಳು ಇಡಿ, ಆಮೇಲೆ ಬಿತ್ತಿ. ಹತ್ತಿರದಲ್ಲಿ ಬೇರೆ ಗುಲಾಬಿಗಳಿದ್ದರೆ ಸಸಿಗಳು ಮಿಶ್ರ ತಳಿ ಆಗಿರುವ ಸಾಧ್ಯತೆ ಜಾಸ್ತಿ. ಅದೂ ಒಂದು ಮಜಾ, ಏನು ಬರುತ್ತದೋ ನೋಡೋಣ ಅನ್ನುವವರಿಗೆ.

ಜಾಗ ಇಲ್ಲದವರಿಗೆ

ಇಷ್ಟೆಲ್ಲ ಓದಿದ ಮೇಲೆ ನನ್ನ ಹತ್ತಿರ ಅಷ್ಟು ದೊಡ್ಡ ಮರವೂ ಇಲ್ಲ, ಗೋಡೆಯೂ ಇಲ್ಲ ಅನ್ನಿಸಿದರೆ ಇದರ ಮಿಶ್ರ ತಳಿಗಳನ್ನು ನೋಡಿ. ಜೈಗ್ಯಾಂಟಿಯಾವನ್ನು ವರ್ಷಕ್ಕೆರಡು ಸಲ ಸವರಿ ಕುಳ್ಳಗೆ ಇಡುತ್ತೇನೆ ಅನ್ನುವುದಕ್ಕಿಂತ ಇದು ಎಷ್ಟೋ ವಾಸಿ. ಲಿಸ್ಬನ್‌ನ ಸಸ್ಯೋದ್ಯಾನದಲ್ಲಿ ಹುಟ್ಟಿದ ಬೆಲ್ ಪೋರ್ಚುಗೇಸ್ ತಿಳಿ ಗುಲಾಬಿ ಬಣ್ಣದ, ಉದ್ದ ಮೊಗ್ಗಿನ ಬಳ್ಳಿ. ಇದೂ ಒಂದೇ ಸಲ ಹೂ ಬಿಡುತ್ತದೆ, ಇದಕ್ಕೂ ಕಡಿಮೆ ಜಾಗ ಸಾಲದು, ಆದರೆ ಒಂದು ಒಳ್ಳೆ ಗೋಡೆಯಲ್ಲಿ ಹಿಡಿಸಬಹುದು. ಆಸ್ಟ್ರೇಲಿಯಾದ ಗುಲಾಬಿ ತಳಿಗಾರ ಆಲಿಸ್ಟರ್ ಕ್ಲಾರ್ಕ್ ಈ ಕಾಡುಬಳ್ಳಿಯನ್ನು ಬಳಸಿ ಎಷ್ಟೋ ತಳಿ ಮಾಡಿದರು, ಅದರಲ್ಲಿ 1924ರ ಲೊರೇನ್ ಲೀ ಮತ್ತು 1937ರ ನ್ಯಾನ್ಸಿ ಹೇವರ್ಡ್ ಇಂದಿಗೂ ತೋಟಗಳಲ್ಲಿವೆ. ನಮ್ಮಲ್ಲಿ ಕೊಡೈಕೆನಾಲ್‌ನ ವೀರರಾಘವನ್ ಮತ್ತು ಗಿರಿಜಾ ದಂಪತಿ ಮಣಿಪುರದ ಜೈಗ್ಯಾಂಟಿಯಾವನ್ನೇ ಇಟ್ಟುಕೊಂಡು ಬೆಚ್ಚನೆ ಹವೆಗೆ ಹೊಂದುವ ಗುಲಾಬಿಗಳನ್ನು ಬೆಳೆಸಿದ್ದಾರೆ. ಗುಲಾಬಿ ತಳಿಗಾರರು ಹೆಚ್ಚಿನವರು ಚಳಿ ತಡೆಯುವ ಗಿಡಗಳ ಹಿಂದೆ ಬಿದ್ದಿದ್ದಾಗ ಸೆಕೆ ತಡೆಯುವ ಗಿಡಕ್ಕೆ ಸೆಕೆಯ ಕಾಡಿನ ಮೂಲವೇ ಬೇಕು ಅಂತ ಹೊರಟದ್ದು ಅವರ ಹೆಚ್ಚುಗಾರಿಕೆ.

ಈ ಮಿಶ್ರ ತಳಿಗಳಲ್ಲಿ ಸವರುವ ನಿಯಮ ಒಂದೇ ಅಲ್ಲ, ಅದನ್ನು ಕೊಳ್ಳುವಾಗಲೇ ಕೇಳಿ ತಿಳಿದುಕೊಳ್ಳಿ. ಒಂದೇ ಸಲ ಹೂ ಬಿಡುವವಕ್ಕೆ ಮೇಲೆ ಹೇಳಿದ ಹಾಗೇ, ಹೂ ಮುಗಿದ ಮೇಲೆ ಮಾತ್ರ. ಲೊರೇನ್ ಲೀ ಹಾಗಲ್ಲ, ಅದು ಮರಳಿ ಮರಳಿ ಹೂ ಬಿಡುವ ಜಾತಿ, ಅದರಲ್ಲೂ ಚಳಿಗಾಲದ ಹೂವಿಗೇ ಹೆಸರಾದದ್ದು. ಅದನ್ನು ಚಳಿಗಾಲದಲ್ಲಿ ಮುಟ್ಟದೆ ಬೇಸಿಗೆಯ ಕೊನೆಗೆ ಹಗುರವಾಗಿ ಸವರುತ್ತಾರೆ, ಆಗ ಬರುವ ಹೊಸ ಚಿಗುರು ಚಳಿಯ ಹೊತ್ತಿಗೆ ಮೊಗ್ಗು ಕಟ್ಟಿರುತ್ತದೆ.